ಎಚ್‌ಡಿ ಡಿವಿಡಿ ಪರವಾಗಿ ಒಂದಷ್ಟು ಮಾತು

ಡಿವಿಡಿಯ ನಂತರ, ಅದಕ್ಕಿಂತ ಸ್ಪಷ್ಟವಾದ ಎಚ್‌ಡಿ ಚಿತ್ರಕ್ಕೆ ಅಂತ ಎರಡು ಥರದ ಡಿಸ್ಕ್ ಬಂದವು, ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ. ಅವುಗಳ ನಡುವಿನ ಜಗಳದ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಬ್ಲೂ-ರೇ ಡಿಸ್ಕಿನಲ್ಲಿ ಜಾಗ ಜಾಸ್ತಿ ಇತ್ತು, ಸೋನಿಯ ವಿಡಿಯೋ ಗೇಮ್ ಯಂತ್ರ ಪ್ಲೇಸ್ಟೇಷನ್ 3ರ ಒಳಗೆ ಕೂತು ಮನೆಮನೆಗೆ ಹೋಯಿತು, ಹಾಗಾಗಿ ಗೆದ್ದಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ದುಡ್ಡು ಕೊಟ್ಟು ಡಿಸ್ಕ್ ತಂದು ಮನೆಯಲ್ಲಿ ಕೂತು ಸಿನಿಮಾ ನೋಡುವವರ ಮಾತೇ ಈ ಕಥೆಯಲ್ಲಿ ಬರುವುದಿಲ್ಲ. ಅವರ ಕಡೆಯಿಂದ ನೋಡಿದರೆ ಸೋತ ಡಿಸ್ಕೇ ಒಳ್ಳೆಯದಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಸೋತ ಕಾರಣಗಳಲ್ಲಿ ಒಂದು, ಅದು ನೋಡುವವರಿಗೆ ಕೊಟ್ಟ ಸ್ವಾತಂತ್ರ್ಯವೇ. ಅದಕ್ಕೇ ಇಷ್ಟು ವರ್ಷ ಆದಮೇಲೂ ಇದರ ಬಗ್ಗೆ ಬರೆಯಬೇಕು ಅನ್ನಿಸುತ್ತದೆ.

ಜಗಳ ಶುರುವಾಗಿದ್ದು 2002ರಲ್ಲಿ ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ನಾನು ಇನ್ನೂ ಸ್ವಲ್ಪ ಹಿಂದಕ್ಕೆ, ಡಿವಿಡಿ ಹುಟ್ಟುವ ಮೊದಲಿಗೇ ಹೋಗುತ್ತೇನೆ. 1994-95ರಲ್ಲಿ ಸಿಡಿ ಗಾತ್ರದ ಡಿಸ್ಕಿನಲ್ಲಿ ಇಡೀ ಸಿನಿಮಾ ತುಂಬಬೇಕು ಅಂತ ಎರಡು ಗುಂಪು ಹೊರಟಿದ್ದವು. ಸೋನಿ ಮತ್ತು ಫಿಲಿಪ್ಸ್ ಒಂದು ಕಡೆ, ಅವರದ್ದು ಎಂಎಂಸಿಡಿ. ತೋಷಿಬಾ, ಟೈಮ್ ವಾರ್ನರ್, ಮತ್ಸುಶಿತಾ (ಅದೇ, ಈಗಿನ ಪ್ಯಾನಾಸೋನಿಕ್) ಇನ್ನೊಂದು ಕಡೆ, ಅವರದ್ದು ಎಸ್‌ಡಿ. ಸೋನಿಯವರ ಡಿಸ್ಕ್ ಸಿಡಿಯ ಹಾಗೆ 1.2 ಮಿಲಿಮೀಟರ್ ದಪ್ಪದ ಒಂದೇ ತಟ್ಟೆ. ತೋಷಿಬಾದವರದ್ದು 0.6 ಮಿಲಿಮೀಟರ್‌ನ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ್ದು. ಇಬ್ಬರೂ ಪಟ್ಟು ಬಿಡಲಿಲ್ಲ. ಆಗ ಐಬಿಎಂ, ಆಪಲ್, ಮೈಕ್ರೋಸಾಫ್ಟ್, ಕಾಂಪ್ಯಾಕ್, ಎಚ್‌ಪಿ ಸೇರಿಕೊಂಡು ಐಬಿಎಂನ ಅಲನ್ ಬೆಲ್ ಮುಂದಾಳತ್ವದಲ್ಲಿ ಒಂದು ತಾಂತ್ರಿಕ ಗುಂಪು ಕಟ್ಟಿದರು. ಎರಡೂ ಕಡೆಯವರಿಗೆ ಅವರು ಹೇಳಿದ್ದು ಇಷ್ಟೇ. ಒಂದೇ ಡಿಸ್ಕ್ ತನ್ನಿ, ಇಲ್ಲಾಂದ್ರೆ ನಮಗೆ ಎರಡೂ ಬೇಡ.

ಕಂಪ್ಯೂಟರ್ ಮಾರುಕಟ್ಟೆ ಕೈತಪ್ಪಿದರೆ ಎರಡೂ ಕಡೆಗೂ ದೊಡ್ಡ ನಷ್ಟ. 1995ರ ಸೆಪ್ಟೆಂಬರ್ ಹೊತ್ತಿಗೆ ರಾಜಿ ಆಯಿತು. ತೋಷಿಬಾದ ಎರಡು ತಟ್ಟೆ ಉಳಿಯಿತು, ಸೋನಿ-ಫಿಲಿಪ್ಸ್ ಕಡೆಯಿಂದ ಇಎಫ್‌ಎಂಪ್ಲಸ್ ಅನ್ನುವ ಡೇಟಾ ಬರೆಯುವ ವಿಧಾನ ಬಂತು. ಆ ವಿಧಾನದಲ್ಲಿ ಗೀರು, ಧೂಳು ಇದ್ದರೂ ಡಿಸ್ಕ್ ಚೆನ್ನಾಗಿ ಓದುತ್ತದೆ, ಆದರೆ ಸ್ವಲ್ಪ ಜಾಗ ತಿನ್ನುತ್ತದೆ. 5 ಜಿಬಿ ಇದ್ದದ್ದು 4.7 ಜಿಬಿಗೆ ಇಳಿಯಿತು. ಖಾಲಿ ಡಿವಿಡಿಗಳ ಮೇಲೆ ನಾವೆಲ್ಲ ವರ್ಷಗಟ್ಟಲೆ ನೋಡಿದ ಆ 4.7 ಬಂದಿದ್ದು ಈ ರಾಜಿಯಿಂದ.

ಅಂದರೆ 1995ರಲ್ಲಿ ಯಾರೋ ಮಧ್ಯೆ ನಿಂತು ಗದರಿದ್ದರಿಂದ ನಾವು ಬಚಾವಾದೆವು. ಒಂದೇ ಡಿಸ್ಕ್, ಒಂದೇ ಪ್ಲೇಯರ್, ಯಾವ ಅಂಗಡಿಯಲ್ಲಿ ತಂದರೂ ನಡೆಯುತ್ತಿತ್ತು. ಹತ್ತು ವರ್ಷದ ನಂತರ ಅದೇ ಮುಖಗಳು ಮತ್ತೆ ಎದುರುಬದುರು ನಿಂತಾಗ ಗದರುವವರು ಯಾರೂ ಇರಲಿಲ್ಲ.

ಈ ಎರಡನೇ ಸುತ್ತಿಗೆ ದಾರಿ ಮಾಡಿದ್ದು ನೀಲಿ ಲೇಸರ್. ಜಪಾನಿನ ನಿಚಿಯಾ ಎಂಬ ಕಂಪನಿಯಲ್ಲಿ ಶೂಜಿ ನಕಾಮುರಾ 90ರ ದಶಕದಲ್ಲಿ ಮೊದಲು ನೀಲಿ ಎಲ್‌ಇಡಿ, ಆಮೇಲೆ ನೀಲಿ-ನೇರಳೆ ಬಣ್ಣದ ಲೇಸರ್ ಮಾಡಿ ತೋರಿಸಿದರು (ನೀಲಿ ಎಲ್‌ಇಡಿಗಾಗಿ 2014ರಲ್ಲಿ ಅವರಿಗೆ, ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೋ ಜೊತೆ, ನೊಬೆಲ್ ಬಂತು). ಡಿವಿಡಿ ಓದುವ ಕೆಂಪು ಲೇಸರಿನ ತರಂಗದ ಉದ್ದ 650 ನ್ಯಾನೋಮೀಟರ್, ನೀಲಿಯದ್ದು 405. ದಪ್ಪ ಸ್ಕೆಚ್ ಪೆನ್ ಬಿಟ್ಟು ಸಣ್ಣ ನಿಬ್ಬಿನ ಪೆನ್ನು ಹಿಡಿದರೆ ಅದೇ ಹಾಳೆಯಲ್ಲಿ ಹೆಚ್ಚು ಸಾಲು ಬರೆಯಬಹುದಲ್ಲ, ಹಾಗೆ. ಇಬ್ಬರೂ ಬಳಸಿದ್ದು ಅದೇ 405ರ ಲೇಸರ್. ಭಿನ್ನಾಭಿಪ್ರಾಯ ಬಂದಿದ್ದು ಪ್ಲಾಸ್ಟಿಕ್ಕಿನ ದಪ್ಪದ ವಿಷಯದಲ್ಲಿ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನದೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಲೇಸರಿನ ಚುಕ್ಕಿ ಎಷ್ಟು ಸಣ್ಣದಾಗುತ್ತದೆ ಅನ್ನುವುದು ಬಣ್ಣದ ಮೇಲೆ ಮಾತ್ರ ನಿಂತಿಲ್ಲ, ಲೆನ್ಸ್ ಬೆಳಕನ್ನು ಎಷ್ಟು ಅಗಲದ ಕೋನದಿಂದ ಒಟ್ಟು ಮಾಡುತ್ತದೆ ಅನ್ನುವುದರ ಮೇಲೂ ನಿಂತಿದೆ. ಡಿವಿಡಿಯಲ್ಲಿ ಆ ಅಳತೆ 0.6, ಎಚ್‌ಡಿ ಡಿವಿಡಿಯಲ್ಲಿ 0.65, ಬ್ಲೂ-ರೇಯಲ್ಲಿ 0.85. ಬ್ಲೂ-ರೇಯವರು ಇಷ್ಟು ಜೋರಾಗಿ ಬೆಳಕನ್ನು ಬಗ್ಗಿಸಿದ್ದರಿಂದ ಚುಕ್ಕಿ ತುಂಬ ಸಣ್ಣದಾಯಿತು, ಒಂದು ಪದರದಲ್ಲಿ 25 ಜಿಬಿ, ಎರಡರಲ್ಲಿ 50 ಜಿಬಿ ಹಿಡಿಯಿತು. ಆದರೆ ಅಂಥ ಲೆನ್ಸ್ ಇದ್ದಾಗ ಡಿಸ್ಕ್ ಕೂದಲೆಳೆಯಷ್ಟು ವಾಲಿದರೂ ಚುಕ್ಕಿ ಕದಡಿಹೋಗುತ್ತದೆ. ಅದನ್ನು ತಡೆಯಲು ಡೇಟಾ ಇರುವ ಪದರವನ್ನು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ ತರಬೇಕಾಯಿತು. ಇಷ್ಟು ತೆಳುವಾದರೆ ಬೆರಳು ತಾಗಿದರೂ ಭಯ. ಜಪಾನಿನಲ್ಲಿ 2003ರಲ್ಲಿ ಬಂದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕುಗಳು ಪ್ಲಾಸ್ಟಿಕ್ ಡಬ್ಬಿಯೊಳಗೇ ಇರುತ್ತಿದ್ದವು, ಡಬ್ಬಿ ಸಮೇತ ಮಶೀನಿಗೆ ಹಾಕಬೇಕಿತ್ತು. ಆಮೇಲೆ ಟಿಡಿಕೆ ಕಂಪನಿಯವರು ಗೀರು ಬೀಳದ ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಡಬ್ಬಿ ಹೋಯಿತು. ಇವತ್ತು ಬ್ಲೂ-ರೇ ಡಿಸ್ಕನ್ನು ಧೈರ್ಯವಾಗಿ ಕೈಯಲ್ಲಿ ಹಿಡಿಯುತ್ತೇವೆ ಅಂದರೆ ಅದು ಆ ಲೇಪನದ ಪುಣ್ಯ. ನಿಜವಾಗಿಯೂ ಮೆಚ್ಚಬೇಕಾದ ಕೆಲಸ.

ತೋಷಿಬಾ ಮತ್ತು ಎನ್‌ಇಸಿ ಹಿಡಿದ ದಾರಿ ಬೇರೆ. ಅವರು ಡಿವಿಡಿಯ ಹಳೇ ಕಟ್ಟಡವನ್ನು, ಅಂದರೆ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು, ಹಾಗೇ ಇಟ್ಟುಕೊಂಡರು. ಜಾಗ ಕಡಿಮೆ ಸಿಕ್ಕಿತು, 15 ಜಿಬಿ ಮತ್ತು 30 ಜಿಬಿ. ಬದಲಿಗೆ ಡಿವಿಡಿ ಒತ್ತುವ ಕಾರ್ಖಾನೆಗಳು ಅವೇ ಮಶೀನುಗಳನ್ನು ಸ್ವಲ್ಪ ಬದಲಿಸಿ ಹೊಸ ಡಿಸ್ಕ್ ಒತ್ತಬಹುದಿತ್ತು. ಡಿವಿಡಿಯ ನಿಯಮ ಮಾಡುವ ಕಂಪನಿಗಳ ಒಕ್ಕೂಟ ಡಿವಿಡಿ ಫೋರಂ 2003ರಲ್ಲಿ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. 1995ರಲ್ಲಿ ತೋಷಿಬಾ ಜೊತೆಗಿದ್ದ ಮತ್ಸುಶಿತಾ ಅಷ್ಟರಲ್ಲಿ ಸೋನಿ ಕಡೆಗೆ ಹೋಗಿತ್ತು.

2005ರಲ್ಲಿ ಎರಡೂ ಕಡೆಯವರು ರಾಜಿಗೆ ಕೂತರು, 0.1ಕ್ಕೂ 0.6ಕ್ಕೂ ಹೊಂದಾಣಿಕೆ ಆಗಲಿಲ್ಲ, ಎದ್ದುಹೋದರು. ಈ ಸಲ ಕಂಪ್ಯೂಟರ್ ಕಂಪನಿಗಳೇ ಒಡೆದುಹೋಗಿದ್ದವು. ಡೆಲ್, ಎಚ್‌ಪಿ, ಆಪಲ್ ಬ್ಲೂ-ರೇ ಗುಂಪಿನಲ್ಲಿ, ಮೈಕ್ರೋಸಾಫ್ಟ್, ಇಂಟೆಲ್ ಎಚ್‌ಡಿ ಡಿವಿಡಿ ಗುಂಪಿನಲ್ಲಿ. ಮುಂದಿನ ಎರಡೂವರೆ ವರ್ಷದ ನಷ್ಟ ಮತ್ತು ಗೊಂದಲಕ್ಕೆ ಮೂಲ ಇದೇ ಅಂತ ನನಗನ್ನಿಸುತ್ತದೆ.

2006ರ ಏಪ್ರಿಲ್ 18ಕ್ಕೆ ಅಮೆರಿಕದಲ್ಲಿ ತೋಷಿಬಾದ ಎಚ್‌ಡಿ-ಎ1 ಪ್ಲೇಯರ್ ಬಂತು, 499 ಡಾಲರಿಗೆ. ಅದರ ಮುಚ್ಚಳ ತೆಗೆದವರು ಬೆರಗಾಗಿದ್ದರು. ಒಳಗೆ ಇದ್ದದ್ದು ಹೆಚ್ಚುಕಮ್ಮಿ ಒಂದು ಕಂಪ್ಯೂಟರ್. ಪೆಂಟಿಯಂ 4 ಪ್ರೊಸೆಸರ್, 1 ಜಿಬಿ ರ‍್ಯಾಮ್, ಲಿನಕ್ಸ್. ಆನ್ ಮಾಡಿ ಡಿಸ್ಕ್ ಹಾಕಿದರೆ ಚಿತ್ರ ಬರುವಷ್ಟರಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬಹುದಿತ್ತು. ಇದನ್ನೆಲ್ಲ ತುಂಬಿ 499ಕ್ಕೆ ಮಾರುವುದು ಅಂದರೆ ಪ್ರತಿ ಪ್ಲೇಯರಿಗೂ ತೋಷಿಬಾ ಕೈಯಿಂದ ಹಾಕುತ್ತಿತ್ತು ಅಂತಲೇ ಅರ್ಥ. ಎರಡು ತಿಂಗಳ ನಂತರ ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇ ಪ್ಲೇಯರ್ ಬಂತು. ಬೆಲೆ ಸುಮಾರು 1,000 ಡಾಲರ್, ನೇರವಾಗಿ ಎರಡು ಪಟ್ಟು.

ಮೊದಲ ತಿಂಗಳುಗಳಲ್ಲಿ ಚಿತ್ರ ಚೆನ್ನಾಗಿದ್ದದ್ದು ಎಚ್‌ಡಿ ಡಿವಿಡಿಯಲ್ಲಿ. ಇದನ್ನು ಈಗ ಜನ ಮರೆತಿದ್ದಾರೆ. 50 ಜಿಬಿಯ ಬ್ಲೂ-ರೇ ಡಿಸ್ಕುಗಳು ಇನ್ನೂ ಕಾರ್ಖಾನೆಯಿಂದ ಸರಿಯಾಗಿ ಬರುತ್ತಿರಲಿಲ್ಲ. 25 ಜಿಬಿ ಡಿಸ್ಕಿನಲ್ಲಿ, ಅದೂ ಚಿತ್ರವನ್ನು ಕುಗ್ಗಿಸುವ ಡಿವಿಡಿ ಕಾಲದ ಎಂಪೆಗ್-2 ವಿಧಾನದಲ್ಲಿ ಸಿನಿಮಾ ತುಂಬುತ್ತಿದ್ದರು. ಆ ಕಡೆ ಎಚ್‌ಡಿ ಡಿವಿಡಿಯವರು 30 ಜಿಬಿಯಲ್ಲಿ ವಿಸಿ-1 ಅನ್ನುವ ಹೊಸ ವಿಧಾನ ಬಳಸುತ್ತಿದ್ದರು, ಅದು ಅರ್ಧದಷ್ಟು ಜಾಗದಲ್ಲೇ ಅಷ್ಟೇ ಒಳ್ಳೆಯ ಚಿತ್ರ ಕೊಡುತ್ತಿತ್ತು. ಹಾಗಾಗಿ ‘ಜಾಗ ಜಾಸ್ತಿ ಇದ್ದದ್ದು ಗೆದ್ದಿತು’ ಅನ್ನುವ ಮಾತು ಆ ಮೊದಲ ಅರ್ಧ ವರ್ಷಕ್ಕಂತೂ ಹೊಂದುವುದಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಎಚ್‌ಡಿ ಡಿವಿಡಿಯಲ್ಲಿ ರೀಜನ್ ಕೋಡ್, ಅಂದರೆ ಡಿಸ್ಕನ್ನು ಕೆಲವು ದೇಶಗಳಿಗೆ ಮಾತ್ರ ಕಟ್ಟಿಹಾಕುವ ಬೀಗ, ಇರಲಿಲ್ಲ. ಟೋಕಿಯೋದಲ್ಲಿ ತಂದ ಡಿಸ್ಕ್ ಲಂಡನ್ನಿನ ಪ್ಲೇಯರಿನಲ್ಲಿ ನಡೆಯುತ್ತಿತ್ತು, ಚಿಕಾಗೋದಲ್ಲಿ ತಂದದ್ದು ಬೆಂಗಳೂರಿನಲ್ಲಿ ನಡೆಯುತ್ತಿತ್ತು. ಯಾವ ತಂತ್ರವೂ ಬೇಡ, ಹಾಕಿದರೆ ಸಾಕು. ಬ್ಲೂ-ರೇ ಜಗತ್ತನ್ನು ಮೂರು ಹೋಳು ಮಾಡಿತು, ಎ, ಬಿ, ಸಿ. ನಮ್ಮವರ ಮನೆಗಳಿಗೆ ಇದನ್ನು ಹೊಂದಿಸಿ ನೋಡಿ. ಮಗಳು ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಎ, ಸಿಂಗಪುರದಲ್ಲಿ ಇದ್ದರೂ ಎ. ಮಗ ದುಬೈನಲ್ಲೋ ಲಂಡನ್ನಲ್ಲೋ ಇದ್ದರೆ ಬಿ. ಅಪ್ಪ ಅಮ್ಮ ಮೈಸೂರಿನಲ್ಲಿ ಇದ್ದರೆ ಸಿ, ನಮ್ಮ ಜೊತೆಗೆ ಚೀನಾ ಮತ್ತು ರಷ್ಯಾ. ಒಂದೇ ಕುಟುಂಬದ ಮೂರು ಮನೆಗಳಲ್ಲಿ ಮೂರು ಥರದ ಬೀಗ. ದುಡ್ಡು ಕೊಟ್ಟು, ಬಿಲ್ ಸಮೇತ ತಂದ ಡಿಸ್ಕನ್ನು ನಮ್ಮದೇ ಪ್ಲೇಯರ್ ‘ನಿನ್ನ ಊರಿಗೆ ಇದಲ್ಲ’ ಅಂತ ತಿರಸ್ಕರಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಸ್ಟುಡಿಯೋಗಳಿಗೆ ಇದರಲ್ಲಿ ಲೆಕ್ಕ ಇತ್ತು. ಅಮೆರಿಕದಲ್ಲಿ ಡಿಸ್ಕ್ ಬಂದಾಗ ಬೇರೆ ದೇಶದಲ್ಲಿ ಅದೇ ಸಿನಿಮಾ ಥಿಯೇಟರಿಗೂ ಬಂದಿರುವುದಿಲ್ಲ, ಒಂದೊಂದು ದೇಶದ ಹಕ್ಕು ಒಬ್ಬೊಬ್ಬರ ಹತ್ತಿರ ಇರುತ್ತದೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಕಷ್ಟದ ಭಾರವನ್ನು ಹೊತ್ತದ್ದು ಕೊಂಡವರು.

ಎರಡನೆಯದು, ಎಚ್‌ಡಿ ಡಿವಿಡಿ ಮೊದಲ ದಿನದಿಂದಲೇ ಪೂರ್ತಿಯಾಗಿತ್ತು. ಪ್ರತಿ ಪ್ಲೇಯರಿನಲ್ಲೂ ಇಂಟರ್ನೆಟ್ ಕೇಬಲ್ಲಿನ ಕಿಂಡಿ ಇರಲೇಬೇಕು, ಚಿತ್ರದ ಮೂಲೆಯಲ್ಲಿ ಇನ್ನೊಂದು ಚಿತ್ರ ತೋರಿಸುವ ಶಕ್ತಿ ಇರಲೇಬೇಕು, ಸ್ವಲ್ಪ ಮೆಮೊರಿ ಇರಲೇಬೇಕು ಅಂತ ನಿಯಮ. ಬ್ಲೂ-ರೇಯಲ್ಲಿ ಇವು ಕಂತಿನಲ್ಲಿ ಬಂದವು. ಮೊದಲು ಪ್ರೊಫೈಲ್ 1.0, 2007ರ ಕೊನೆಗೆ 1.1, ಆಮೇಲೆ 2.0. ಸಾವಿರ ಡಾಲರ್ ಕೊಟ್ಟು ಮೊದಲೇ ಕೊಂಡ ಮನುಷ್ಯನ ಪ್ಲೇಯರಿನಲ್ಲಿ ಮುಂದಿನ ಡಿಸ್ಕುಗಳ ಅರ್ಧ ಸೌಲಭ್ಯ ನಡೆಯುತ್ತಲೇ ಇರಲಿಲ್ಲ. ಯಾರು ನಂಬಿ ಮೊದಲು ಬಂದರೋ ಅವರಿಗೇ ಪೆಟ್ಟು. ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿದ್ದ ಪ್ಲೇಸ್ಟೇಷನ್ 3 ಇದ್ದವರು ಮಾತ್ರ ಪಾರಾದರು.

ಇನ್ನು ಎರಡು ಮುಖದ ಡಿಸ್ಕು. ಒಂದು ಬದಿ ಎಚ್‌ಡಿ ಡಿವಿಡಿ, ತಿರುಗಿಸಿ ಹಾಕಿದರೆ ಮಾಮೂಲಿ ಡಿವಿಡಿ. ಎರಡೂ ಬದಿಯಲ್ಲಿ ಡೇಟಾ ಇರುವುದರಿಂದ ಮೇಲೆ ಚಿತ್ರ ಹಾಕಲು ಜಾಗವಿಲ್ಲ, ಮಧ್ಯದ ತೂತಿನ ಸುತ್ತ ಸಣ್ಣ ಅಕ್ಷರದಲ್ಲಿ ಯಾವ ಬದಿ ಯಾವುದು ಅಂತ ಬರೆದಿರುತ್ತದೆ, ಓದಲು ದೀಪದ ಕೆಳಗೆ ಹಿಡಿಯಬೇಕು. ಬೆಲೆ ಸ್ವಲ್ಪ ಜಾಸ್ತಿ ಇತ್ತು ಅಂತ ಜನ ಬೈದಿದ್ದೂ ಉಂಟು. ನನಗೆ ಮಾತ್ರ ಅದು ತುಂಬ ಇಷ್ಟವಾದ ಯೋಚನೆ. ಹಾಲಿನಲ್ಲಿ ಹೊಸ ಪ್ಲೇಯರ್ ಇದೆ, ಒಳಕೋಣೆಯಲ್ಲಿ ಅಜ್ಜಿಯ ಟಿವಿಗೆ ಹಳೇ ಡಿವಿಡಿ ಪ್ಲೇಯರ್ ಇದೆ, ಒಂದೇ ಡಿಸ್ಕ್ ಎರಡೂ ಕಡೆ ಆಯಿತು. ಹೊಸದಕ್ಕೆ ನಿಧಾನವಾಗಿ ಹೋಗೋಣ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಮತ್ತೊಂದು ವಿಷಯ ನಮ್ಮಂಥ ಸಣ್ಣ ಭಾಷೆಯ ಸಿನಿಮಾದವರಿಗೆ ಮುಖ್ಯವಾದದ್ದು. ಎಎಸಿಎಸ್ ಅಂತ ಒಂದು ಕಾಪಿ ತಡೆಯುವ ವ್ಯವಸ್ಥೆ ಇದೆ. ಎಚ್‌ಡಿ ಡಿವಿಡಿಯಲ್ಲಿ ಅದು ಬೇಕಿದ್ದರೆ ಹಾಕಿಕೊಳ್ಳಬಹುದು, ಬೇಡದಿದ್ದರೆ ಬಿಡಬಹುದು. ಕಾರ್ಖಾನೆಯಲ್ಲಿ ಒತ್ತಿ ಮಾರುವ ಬ್ಲೂ-ರೇ ಸಿನಿಮಾಗೆ ಅದು ಕಡ್ಡಾಯ, ಲೈಸೆನ್ಸ್ ಶುಲ್ಕವೂ ಕಡ್ಡಾಯ. ಲಕ್ಷಗಟ್ಟಲೆ ಡಿಸ್ಕ್ ಒತ್ತುವ ಹಾಲಿವುಡ್ಡಿಗೆ ಇದು ಲೆಕ್ಕಕ್ಕೇ ಇಲ್ಲ. ಐನೂರೋ ಸಾವಿರವೋ ಡಿಸ್ಕ್ ಒತ್ತಿಸಬೇಕು ಅನ್ನುವ ನಿರ್ಮಾಪಕನಿಗೆ ಅಲ್ಲೇ ಬಾಗಿಲು ಮುಚ್ಚಿತು. ಎಚ್‌ಡಿ ಡಿವಿಡಿ ಪ್ಲೇಯರಿಗಾದರೆ ಮಾಮೂಲಿ ಖಾಲಿ ಡಿವಿಡಿಯ ಮೇಲೆ ಎಚ್‌ಡಿ ಚಿತ್ರ ಬರೆದು ಹಾಕಿದರೂ ಅದು ಓದುತ್ತಿತ್ತು. ಚಿಕ್ಕ ಸಾಕ್ಷ್ಯಚಿತ್ರ, ಯಕ್ಷಗಾನದ ಒಂದು ಪ್ರಸಂಗ, ಕಾಲೇಜಿನವರ ನಾಟಕ, ಇಂಥವನ್ನು ಕಡಿಮೆ ಖರ್ಚಿನಲ್ಲಿ ಹಂಚಲು ಅದು ಎಷ್ಟು ಅನುಕೂಲವಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಹಾಗಾದರೆ ಸೋತದ್ದು ಹೇಗೆ?

ತೋಷಿಬಾದ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎಚ್‌ಡಿ ಡಿವಿಡಿ ಪ್ಲೇಯರ್ ಮಾಡುತ್ತಿದ್ದದ್ದು ಬಹುತೇಕ ತೋಷಿಬಾ ಒಂದೇ. ನಷ್ಟಕ್ಕೆ ಮಾರುವವನ ಪಕ್ಕದಲ್ಲಿ ಯಾರು ಅಂಗಡಿ ಇಡುತ್ತಾರೆ ಹೇಳಿ? ಆ ಕಡೆ ಬ್ಲೂ-ರೇಗೆ ಸೋನಿ, ಪ್ಯಾನಾಸೋನಿಕ್, ಸ್ಯಾಮ್‌ಸಂಗ್, ಪಯೋನಿಯರ್, ಶಾರ್ಪ್, ಫಿಲಿಪ್ಸ್, ಹೀಗೆ ಸಾಲೇ ಇತ್ತು. 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಬಂದಮೇಲೆ ಆಟಕ್ಕೆ ಅಂತ ಕೊಂಡವರ ಮನೆಗೆಲ್ಲ ಬ್ಲೂ-ರೇ ಪ್ಲೇಯರ್ ತಾನಾಗಿ ಹೋಯಿತು. ಮೈಕ್ರೋಸಾಫ್ಟ್ ಅದೇ ತಿಂಗಳು ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವ್ ತಂದಿತು, ಆದರೆ ಪ್ರತ್ಯೇಕವಾಗಿ, 199 ಡಾಲರಿಗೆ. ಪ್ರತ್ಯೇಕವಾಗಿ ಕೊಂಡು ಜೋಡಿಸಬೇಕು ಅಂದರೆ ಎಷ್ಟು ಜನ ಜೋಡಿಸುತ್ತಾರೆ? 2007ರಲ್ಲಿ ಅಮೆರಿಕದಲ್ಲಿ ಡಿಸ್ಕ್ ಮಾರಾಟ ಸರಿಸುಮಾರು ಎರಡಕ್ಕೆ ಒಂದರಂತೆ ಬ್ಲೂ-ರೇ ಕಡೆ ವಾಲಿತ್ತು.

ಆದರೂ ಕೊನೆಯ ಮಾತು ಸ್ಟುಡಿಯೋಗಳದ್ದೇ. ಸೋನಿಗೆ ತನ್ನದೇ ಸ್ಟುಡಿಯೋ ಇತ್ತು, ಡಿಸ್ನಿ ಮತ್ತು ಫಾಕ್ಸ್ ಜೊತೆಗಿದ್ದವು. ಫಾಕ್ಸಿಗೆ ಎಎಸಿಎಸ್ ಸಾಲದು, ಅದರ ಮೇಲೆ ಇನ್ನೊಂದು ಬೀಗ ಬೇಕು ಅನ್ನಿಸಿತ್ತು. ಬ್ಲೂ-ರೇಯಲ್ಲಿ ಬಿಡಿ ಪ್ಲಸ್ ಅಂತ ಆ ಬೀಗ ಇತ್ತು, ಎಚ್‌ಡಿ ಡಿವಿಡಿಯಲ್ಲಿ ಇರಲಿಲ್ಲ. 2007ರ ಮೇ ತಿಂಗಳಲ್ಲಿ ನಡೆದದ್ದು ಅವರ ಭಯವನ್ನು ಇನ್ನೂ ಹೆಚ್ಚಿಸಿತು. ಎಎಸಿಎಸ್ ಬಿಚ್ಚುವ ಒಂದು ಕೀಲಿ, ಹದಿನಾರು ಬೈಟಿನ ಒಂದು ಸಂಖ್ಯೆ, ಇಂಟರ್ನೆಟ್ಟಿನಲ್ಲಿ ಹರಿದಾಡಿತು. ಅದನ್ನು ತೆಗೆಯಿರಿ ಅಂತ ವಕೀಲರ ನೋಟಿಸುಗಳು ಹೋದವು. ಓದುಗರೇ ಸುದ್ದಿ ಹಾಕುವ ಡಿಗ್ ಅನ್ನುವ ಸೈಟ್ ತೆಗೆಯಿತು, ಸಿಟ್ಟಿಗೆದ್ದ ಜನ ಮುಖಪುಟದ ತುಂಬ ಅದೇ ಸಂಖ್ಯೆಯನ್ನು ಹಾಕಿದರು, ಟೀಶರ್ಟಿನ ಮೇಲೂ ಬರೆಸಿಕೊಂಡರು, ಕೊನೆಗೆ ಸೈಟಿನವರೇ ಕೈಚೆಲ್ಲಿದರು. ಆ ಕೀಲಿ ಅಲ್ಲಿಯವರೆಗಿನ ಎರಡೂ ಥರದ ಡಿಸ್ಕುಗಳಿಗೆ ನಡೆಯುತ್ತಿತ್ತು. ಆದರೆ ಇನ್ನೊಂದು ಬೀಗ ನಮ್ಮ ಹತ್ತಿರ ಇದೆ ಅಂತ ಹೇಳಲು ಸಾಧ್ಯವಿದ್ದದ್ದು ಬ್ಲೂ-ರೇಯವರಿಗೆ ಮಾತ್ರ.

ಇಲ್ಲಿಂದ ಮುಂದೆ ದುಡ್ಡಿನ ಆಟ. 2007ರ ಆಗಸ್ಟಿನಲ್ಲಿ, ಅಲ್ಲಿಯವರೆಗೆ ಎರಡರಲ್ಲೂ ಸಿನಿಮಾ ತರುತ್ತಿದ್ದ ಪ್ಯಾರಾಮೌಂಟ್, ಜೊತೆಗೆ ಡ್ರೀಮ್‌ವರ್ಕ್ಸ್ ಅನಿಮೇಷನ್, ಇನ್ನು ಎಚ್‌ಡಿ ಡಿವಿಡಿ ಮಾತ್ರ ಅಂತ ಘೋಷಿಸಿದವು. ಇದಕ್ಕೆ ಒಟ್ಟು 150 ಮಿಲಿಯನ್ ಡಾಲರಿನಷ್ಟು ಲಾಭ ಮಾಡಿಕೊಡಲಾಗಿದೆ ಅಂತ ಅಮೆರಿಕದ ಪತ್ರಿಕೆಗಳು ಬರೆದವು. ನಾನು ಎಚ್‌ಡಿ ಡಿವಿಡಿ ಪರ ಇದ್ದರೂ ಇದನ್ನು ಒಪ್ಪಲಾರೆ. ಎರಡರಲ್ಲೂ ಸಿಗುತ್ತಿದ್ದ ಸಿನಿಮಾವನ್ನು ಒಂದರಿಂದ ಕಿತ್ತುಕೊಳ್ಳುವುದು ಅಂದರೆ ನೋಡುವವರಿಗೆ ಬರೆ ಹಾಕಿದ ಹಾಗೆಯೇ, ಯಾವ ಕಡೆಯವರು ಮಾಡಿದರೂ. ಅದೇ ವರ್ಷ ನವೆಂಬರ್ 2ಕ್ಕೆ ಅಮೆರಿಕದ ದೊಡ್ಡ ಅಂಗಡಿ ಸರಪಳಿ ವಾಲ್‌ಮಾರ್ಟ್ ತೋಷಿಬಾದ ಎಚ್‌ಡಿ-ಎ2 ಪ್ಲೇಯರನ್ನು 98.87 ಡಾಲರಿಗೆ ಇಟ್ಟಿತು. ಒಂದೂವರೆ ವರ್ಷದಲ್ಲಿ 499ರಿಂದ 99ಕ್ಕೆ.

ಆ ಸಮಯದಲ್ಲಿ ಕೊಂಡ ಒಂದು ಎಚ್‌ಡಿ-ಎ2 ಈಗ ನನ್ನ ಮನೆಯಲ್ಲಿದೆ. ನ್ಯೂಜೆರ್ಸಿಯಲ್ಲಿದ್ದ ನಮ್ಮ ಭಾವ ವಾಪಸ್ ಬರುವಾಗ ಯಾರಿಗಾದರೂ ಕೊಡೋಣ ಅಂದಿದ್ದನ್ನು ನಾನು ಕೇಳಿ ತರಿಸಿಕೊಂಡೆ. ಅದು 120 ವೋಲ್ಟಿನ ಯಂತ್ರ, ನೇರ ನಮ್ಮ ಗೋಡೆಗೆ ಹಾಕಿದರೆ ಸುಟ್ಟುಹೋಗುತ್ತದೆ. ಎಸ್‌ಪಿ ರೋಡಿನಲ್ಲಿ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆ, ಇಟ್ಟಿಗೆಯಷ್ಟು ಭಾರ, ಸಣ್ಣಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಬಟನ್ ಒತ್ತಿದರೆ ಮುಂಭಾಗದ ಸಣ್ಣ ಪರದೆ ಮೇಲೆ ಅಕ್ಷರ ಮೂಡುತ್ತದೆ, ಒಳಗೆ ಫ್ಯಾನ್ ತಿರುಗುತ್ತದೆ, ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಟ್ರೇ ನಿಧಾನವಾಗಿ ಹೊರಗೆ ಬರುತ್ತದೆ. ಪೂರ್ತಿ ಎಚ್‌ಡಿಗಿಂತ ಒಂದು ಮೆಟ್ಟಿಲು ಕೆಳಗಿನ 1080ಐ ವರೆಗೆ ಮಾತ್ರ ಕೊಡುತ್ತದೆ. ಆದರೂ ಹೊಸ ಟಿವಿಯಲ್ಲಿ ಚಿತ್ರ ನೋಡಿದವರು ಇದು ಅಷ್ಟು ಹಳೇದಾ ಅಂತ ಕೇಳುತ್ತಾರೆ. ಬೇಸರದ ಸಂಗತಿ ಅಂದರೆ ಒಂದು ಸ್ಟುಡಿಯೋದ ಡಿಸ್ಕುಗಳು ಒಂದೊಂದಾಗಿ ಸಾಯುತ್ತಿವೆ. ಎರಡು ತಟ್ಟೆ ಅಂಟಿಸಿದ ಕಡೆ ಏನೋ ಕೆಟ್ಟು, ಸಿನಿಮಾ ಅರ್ಧಕ್ಕೆ ಬಂದು ಒಂದನೇ ಪದರದಿಂದ ಎರಡನೇ ಪದರಕ್ಕೆ ಹೋಗುವ ಜಾಗದಲ್ಲಿ ನಿಂತುಬಿಡುತ್ತದೆ. ಮೇಲೆ ಒಂದು ಗೀರೂ ಇಲ್ಲ, ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಏನೂ ಮಾಡುವ ಹಾಗಿಲ್ಲ.

ಆ 99 ಡಾಲರಿನ ಮಾರಾಟದ ನಂತರ ಎಚ್‌ಡಿ ಡಿವಿಡಿಯವರಿಗೆ ಉತ್ಸಾಹ ಬಂದಿತ್ತು. ಅದು ಎರಡು ತಿಂಗಳೂ ಉಳಿಯಲಿಲ್ಲ. ಆಗ ಎರಡೂ ಥರದ ಡಿಸ್ಕ್ ತರುತ್ತಿದ್ದ ದೊಡ್ಡ ಸ್ಟುಡಿಯೋ ಅಂದರೆ ವಾರ್ನರ್, ಅಮೆರಿಕದ ಹೋಮ್ ವಿಡಿಯೋ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ದೊಡ್ಡದು. 2008ರ ಜನವರಿ 4, ಶುಕ್ರವಾರ. ಲಾಸ್ ವೇಗಸ್‌ನ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ ಶುರುವಾಗಲು ಕೆಲವೇ ದಿನ. ವಾರ್ನರ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಅಂದಿತು. 1995ರಲ್ಲಿ ತೋಷಿಬಾ ಪಕ್ಕದಲ್ಲಿ ನಿಂತು ಡಿವಿಡಿ ತಂದ ಅದೇ ವಾರ್ನರ್. ಮೇಳದಲ್ಲಿ ಮಾಡಬೇಕಿದ್ದ ಪತ್ರಿಕಾಗೋಷ್ಠಿಯನ್ನು ಎಚ್‌ಡಿ ಡಿವಿಡಿ ಗುಂಪು ರದ್ದು ಮಾಡಿತು. ತೋಷಿಬಾ ಬೆಲೆ ಇನ್ನೂ ಇಳಿಸಿತು, ಫೆಬ್ರವರಿ 3ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್ ಪಂದ್ಯದ ನಡುವೆ ಜಾಹೀರಾತನ್ನೂ ಕೊಟ್ಟಿತು. ಫೆಬ್ರವರಿ 11ಕ್ಕೆ, ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿ ಸರಪಳಿ ಬೆಸ್ಟ್ ಬೈ, 15ಕ್ಕೆ ವಾಲ್‌ಮಾರ್ಟ್ ಬ್ಲೂ-ರೇ ಕಡೆ ಹೋದವು. 19ಕ್ಕೆ ತೋಷಿಬಾ ಅಧ್ಯಕ್ಷ ಅತ್ಸುತೋಶಿ ನಿಶಿದಾ ಟೋಕಿಯೋದಲ್ಲಿ ಎಲ್ಲ ನಿಲ್ಲಿಸುತ್ತೇವೆ ಅಂತ ಹೇಳಿದರು. ಅಷ್ಟು ಹೊತ್ತಿಗೆ ಎಕ್ಸ್‌ಬಾಕ್ಸ್ ಡ್ರೈವೂ ಸೇರಿ ಜಗತ್ತಿನಲ್ಲಿ ಸುಮಾರು ಹತ್ತು ಲಕ್ಷ ಜನರ ಹತ್ತಿರ ಎಚ್‌ಡಿ ಡಿವಿಡಿ ಇತ್ತು. ಜನವರಿ 4ರವರೆಗೂ ಅವರಿಗೆ ಪ್ಲೇಯರ್ ಮಾರುತ್ತಲೇ ಇದ್ದರು, ಅದಾದ ಮೇಲೂ ಮಾರಿದರು.

ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಬೇರೆಯದೇ ಶುರುವಾಗಿತ್ತು. ನೆಟ್‌ಫ್ಲಿಕ್ಸ್ 2007ರ ಜನವರಿಯಲ್ಲೇ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸಲು ಆರಂಭಿಸಿತ್ತು. ವಾರ್ನರ್ ಘೋಷಣೆಯಾದ ಹನ್ನೊಂದು ದಿನಕ್ಕೆ ಆಪಲ್ ಆನ್‌ಲೈನಿನಲ್ಲಿ ಎಚ್‌ಡಿ ಸಿನಿಮಾ ಬಾಡಿಗೆಗೆ ಕೊಡುವುದಾಗಿ ಹೇಳಿತು. ಯಾವುದು ಗೆಲ್ಲುತ್ತೋ ನೋಡೋಣ ಅಂತ ಜನ ಎರಡು ವರ್ಷ ಕಾದರು, ಕಾಯುತ್ತಾ ಕಾಯುತ್ತಾ ಡಿಸ್ಕಿನ ಅಭ್ಯಾಸವೇ ತಪ್ಪಿತು.

ನಮ್ಮ ಕಡೆ ಆಗ ಪರಿಸ್ಥಿತಿ ಬೇರೆಯೇ ಇತ್ತು. 2007ರಲ್ಲಿ ಪ್ಲೇಸ್ಟೇಷನ್ 3 ಇಲ್ಲಿಗೆ ಬಂದಾಗ ಬೆಲೆ ಸುಮಾರು 40 ಸಾವಿರ ರೂಪಾಯಿ. ಅದೇ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿತ್ತು. ದಿನಸಿ ಅಂಗಡಿಯಲ್ಲೂ ಸಿನಿಮಾ ಸಿಗುತ್ತಿತ್ತು. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಏನೇನು ಸಿಗುತ್ತಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಹಳೇ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ಇವತ್ತಿಗೂ ಜನರ ಹತ್ತಿರ ಇರುವುದು ವಿಸಿಡಿ ರೂಪದಲ್ಲೇ. 352x288 ಚುಕ್ಕಿಗಳ ಚಿತ್ರ, ಒಂದು ಡಿಸ್ಕಿಗೆ ಸುಮಾರು 74 ನಿಮಿಷ, ಹಾಡಿನ ಮಧ್ಯೆ ಎದ್ದು ಎರಡನೇ ಡಿಸ್ಕ್ ಹಾಕಬೇಕು. ಅಲ್ಲಿಂದ ನಾವು ಹೆಚ್ಚುಕಮ್ಮಿ ನೇರವಾಗಿ ಯೂಟ್ಯೂಬಿಗೆ ಹಾರಿದೆವು. ಮಧ್ಯದ ಮೆಟ್ಟಿಲಲ್ಲಿ ಬರಬೇಕಿದ್ದ ಒಳ್ಳೆಯ ಎಚ್‌ಡಿ ಪ್ರತಿಗಳು ಬರಲೇ ಇಲ್ಲ. ಬ್ಲೂ-ರೇಯಲ್ಲಿ ಬಂದ ಕನ್ನಡ ಸಿನಿಮಾಗಳನ್ನು ಬೆರಳಲ್ಲಿ ಎಣಿಸಬಹುದು. ಇದಕ್ಕೆ ಲೈಸೆನ್ಸ್ ಶುಲ್ಕ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಪೈರಸಿ ಇತ್ತು, ಮಾರುಕಟ್ಟೆ ಸಣ್ಣದಿತ್ತು, ಎಷ್ಟೋ ಸಿನಿಮಾಗಳ ನೆಗೆಟಿವ್ ಚೆನ್ನಾಗಿ ಉಳಿದಿರಲಿಲ್ಲ. ಆದರೆ ಮೊದಲೇ ಬಡವಾಗಿದ್ದ ಕೆಲಸಕ್ಕೆ ಅದು ಇನ್ನೊಂದು ಖರ್ಚು ಸೇರಿಸಿತು ಅನ್ನುವುದಂತೂ ನಿಜ.

ಬ್ಲೂ-ರೇಯ ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ನನ್ನ ಕಪಾಟಿನಲ್ಲಿ ಜಾಸ್ತಿ ಇರುವುದು ಅವೇ. ಆ 0.1 ಮಿಲಿಮೀಟರಿನ ಕಷ್ಟ ಕೊನೆಗೆ ಫಲ ಕೊಟ್ಟಿತು. ಅದೇ ಕಟ್ಟಡದ ಮೇಲೆ ಒಂದೊಂದು ಪದರದಲ್ಲೂ ಹೆಚ್ಚು ತುಂಬಿ, ಪದರವನ್ನೂ ಹೆಚ್ಚಿಸಿ 2016ರಲ್ಲಿ 66 ಮತ್ತು 100 ಜಿಬಿಯ 4ಕೆ ಬ್ಲೂ-ರೇ ತಂದರು. ತೋಷಿಬಾ ಮೂರು ಪದರದ 51 ಜಿಬಿ ಡಿಸ್ಕ್ ಅಂತ ಹೇಳಿತ್ತು, ಆದರೆ ಅದರಲ್ಲಿ ಸಿನಿಮಾ ಬರಲಿಲ್ಲ. ಮುಂದಿನ ಹತ್ತು ವರ್ಷಕ್ಕೆ ತಯಾರಾಗಿದ್ದದ್ದು ಬ್ಲೂ-ರೇಯೇ, ಅದರಲ್ಲಿ ಅನುಮಾನ ಇಲ್ಲ.

ಆ 4ಕೆ ಡಿಸ್ಕಿನ ನಿಯಮಗಳನ್ನು ಬರೆಯುವಾಗ ಅವರು ರೀಜನ್ ಕೋಡನ್ನು ಕೈಬಿಟ್ಟರು. ಎಚ್‌ಡಿ ಡಿವಿಡಿಯಲ್ಲಿ 2006ರಲ್ಲೇ ಇದ್ದದ್ದು ಹತ್ತು ವರ್ಷ ತಡವಾಗಿ, ಡಿಸ್ಕ್ ಕೊಳ್ಳುವವರು ಕಡಿಮೆಯಾದ ಮೇಲೆ ಬಂತು. ಹಾಗಾಗಿ ಯಾರಾದರೂ ಅಮೆರಿಕದಿಂದಲೋ ಲಂಡನ್ನಿಂದಲೋ ಬರುವವರಿದ್ದರೆ, ಡಿಸ್ಕ್ ತರಿಸಿಕೊಳ್ಳುವ ಆಸೆ ಇದ್ದರೆ, 4ಕೆ ಡಿಸ್ಕನ್ನು ಧೈರ್ಯವಾಗಿ ಹೇಳಿ, ಇಲ್ಲಿನ 4ಕೆ ಪ್ಲೇಯರಿನಲ್ಲಿ ನಡೆಯುತ್ತದೆ. ಅದೇ ಡಬ್ಬಿಯಲ್ಲಿ ಜೊತೆಗೆ ಮಾಮೂಲಿ ಬ್ಲೂ-ರೇ ಕೊಟ್ಟಿದ್ದರೆ ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಬರೀ ಮಾಮೂಲಿ ಬ್ಲೂ-ರೇ ತರಿಸುವುದಾದರೆ ಡಬ್ಬಿಯ ಹಿಂಬದಿಯ ಫೋಟೋ ಕಳಿಸಲು ಹೇಳಿ, ಅಲ್ಲಿ ಎ, ಬಿ, ಸಿ ಗುರುತು ಇರುತ್ತದೆ. ಮೂರೂ ಇದ್ದರೆ ಸರಿ, ಬರೀ ಎ ಅಥವಾ ಬರೀ ಬಿ ಅಂತಿದ್ದರೆ ಬಿಟ್ಟುಬಿಡಿ.